ಪುಟಿತ, ಗೋಡೆಗೆ ಬಡಿದ ಚೆಂಡಿನದು

ಗೋಡೆಗೆ ಬಡಿದ ಚೆಂಡು ಕ್ಷಣಕಾಲ ಚಪ್ಪಟೆಯಾಗುತ್ತದೆ. ಅದರ ಚಲನಶಕ್ತಿಯ ಒಂದು ಪಾಲು ಹಿಗ್ಗಿಕುಗ್ಗಿದ ರಬ್ಬರಿನಲ್ಲೂ ಒಳಗಿನ ಗಾಳಿಯಲ್ಲೂ ಕೂಡಿಕೊಂಡು, ಚೆಂಡು ಮತ್ತೆ ದುಂಡಗಾಗುವಾಗ ಅದನ್ನು ಹಿಂದಕ್ಕೆ ನೂಕುತ್ತದೆ. ಉಳಿದದ್ದು ಶಾಖವಾಗುತ್ತದೆ, ಕಿವಿಗೆ ಬೀಳುವ ಸದ್ದಿನ ಪಾಲು ತೀರ ಅಲ್ಪ.

ಮರಳುವ ವೇಗವನ್ನು ಬಡಿದ ವೇಗದಿಂದ ಭಾಗಿಸಿದರೆ ಸಿಗುವುದು ಪುಟಿತದ ಗುಣಾಂಕ. ತೂಗುಬಿಟ್ಟ ಜೋಡಿ ಗೋಳಗಳನ್ನು ಡಿಕ್ಕಿ ಹೊಡೆಸಿ ನೋಡಿದ ನ್ಯೂಟನ್, 1687ರ ‘ಪ್ರಿನ್ಸಿಪಿಯಾ’ದಲ್ಲಿ ಉಣ್ಣೆಯ ಉಂಡೆಗಳಿಗೆ ಸುಮಾರು 5/9, ಗಾಜಿಗೆ ಸುಮಾರು 15/16 ಎಂದು ಇದನ್ನು ಕೊಟ್ಟಿದ್ದಾನೆ.

58 ಗ್ರಾಂ ತೂಕದ ಟೆನಿಸ್ ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರವಾಗಿ ಬಡಿದು 15 ಮೀಟರ್ ವೇಗದಲ್ಲಿ ಮರಳಿತೆನ್ನೋಣ. ಗುಣಾಂಕ 0.75, ಆದರೆ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಉಳಿಯುವುದು ಶೇ. 56 ಮಾತ್ರ. ದಿಕ್ಕು ತಿರುಗುವುದರಿಂದ ಸಂವೇಗದ ಬದಲಾವಣೆಗೆ ಎರಡೂ ವೇಗಗಳನ್ನು ಕೂಡಬೇಕು, ಕಳೆಯಬಾರದು. ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಸ್ಪರ್ಶ 5 ಮಿಲಿಸೆಕೆಂಡಿನದಾದರೆ ಸರಾಸರಿ ಬಲ ಸುಮಾರು 400 ನ್ಯೂಟನ್, ಅಂದರೆ 40 ಕಿಲೋ ಮೂಟೆಯ ಭಾರದಷ್ಟು. ಆ ಸಂವೇಗ ಗೋಡೆಯ ಮೂಲಕ ಭೂಮಿಗೆ ಸೇರುತ್ತದೆ.

ಓರೆಯಾಗಿ ಬಡಿದಾಗ, ಬಿದ್ದ ಕೋನದಲ್ಲೇ ಮರಳಬೇಕೆಂಬ ಕನ್ನಡಿಯ ನಿಯಮ ಕೈಕೊಡುತ್ತದೆ. ಘರ್ಷಣೆ ಚೆಂಡಿಗೆ ತಿರುಗು ಕೊಟ್ಟು, ಗೋಡೆಗುಂಟದ ವೇಗವನ್ನು ಕಸಿಯುತ್ತದೆ. ಒರಟು ಹಿಡಿತದ, ತುಂಬ ಪುಟಿಯುವ ರಬ್ಬರ್ ಚೆಂಡಾದ ಸೂಪರ್‌ಬಾಲ್‌ನಲ್ಲಂತೂ ತಿರುಗಿನ ದಿಕ್ಕೇ ಬದಲಾಗಬಹುದು. ಮೇಜಿನಡಿಗೆ ಓರೆಯಾಗಿ ಎಸೆದರೆ ಅದು ನೆಲ, ಮೇಜಿನ ತಳ, ಮತ್ತೆ ನೆಲ ತಾಕಿ ಎಸೆದವರತ್ತಲೇ ಮರಳುತ್ತದೆ.

ಉಷ್ಣಾಂಶವೂ ಮುಖ್ಯ. ತಣ್ಣಗಿನ ಸ್ಕ್ವಾಷ್ ಚೆಂಡು ಹೆಚ್ಚು ಪುಟಿಯದು. ಆಟಗಾರರು ಮೊದಲು ಅದನ್ನು ಗೋಡೆಗೆ ಹೊಡೆದು ಹೊಡೆದು ಬಿಸಿ ಮಾಡಿಕೊಳ್ಳುತ್ತಾರೆ.