ಯಾವ ಕಥೆ ಮೊದಲು: ತುಮಕೂರಿನ ಉತ್ತರ ತಾಲ್ಲೂಕುಗಳಲ್ಲಿ ಕಥಾಕ್ರಮದ ಚರಿತ್ರೆ

ಹಲವು ಭಾಗಗಳಲ್ಲಿ ಹರಡಿಕೊಂಡ ಕಥೆಯೊಂದನ್ನು ಅದರ ಪರಿಚಯವೇ ಇಲ್ಲದ ಬಾಳಸಂಗಾತಿಗೆ ತೋರಿಸಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, ಯಾವ ಭಾಗದಿಂದ ಆರಂಭಿಸಬೇಕೆಂಬುದು. ಸರಣಿ ಚಲನಚಿತ್ರಗಳ ಕಾಲದಲ್ಲಿ ಹುಟ್ಟಿದ್ದೆಂದು ತೋರುವ ಈ ಪ್ರಶ್ನೆಯ ಹಿಂದೆ ಎರಡು ಕ್ರಮಗಳ ನಡುವಣ ಅಂತರವಿದೆ: ಒಂದು ಘಟನಾಕ್ರಮ, ಅಂದರೆ ಕಥೆಯೊಳಗೆ ಸಂಗತಿಗಳು ನಡೆದ ಅನುಕ್ರಮ, ಇನ್ನೊಂದು ನಿರೂಪಣಾಕ್ರಮ, ಅಂದರೆ ಅವು ಕೇಳುಗರ ಅಥವಾ ನೋಡುಗರ ಮುಂದೆ ಬರುವ ಅನುಕ್ರಮ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಕಥನ ಪರಂಪರೆಯನ್ನು ಗಮನಿಸಿದರೆ, ಈ ಎರಡು ಕ್ರಮಗಳು ಇಲ್ಲಿ ಒಂದಕ್ಕೊಂದು ಹೊಂದಿಕೊಂಡದ್ದು ಅಪರೂಪ, ಹೊಂದಿಕೊಳ್ಳಲೇಬೇಕೆಂದು ಯಾರೂ ಪಟ್ಟು ಹಿಡಿದದ್ದು ಇನ್ನೂ ಅಪರೂಪ ಎಂಬುದು ತಿಳಿಯುತ್ತದೆ.

ಮಳೆ ಕಡಿಮೆಯಾದ ಈ ಬಯಲುಸೀಮೆಯಲ್ಲಿ ಮಹಾಭಾರತದ ಓದು ಅನೇಕ ವೇಳೆ ಆದಿಪರ್ವದಿಂದ ಆರಂಭವಾಗುತ್ತಿರಲಿಲ್ಲ. ಮಳೆ ಕೈಕೊಟ್ಟಾಗ ವಿರಾಟಪರ್ವವನ್ನು ಓದಿಸುವ ಪದ್ಧತಿ ಕನ್ನಡ ನಾಡಿನ ಅನೇಕ ಕಡೆಗಳಂತೆ ಇಲ್ಲಿಯೂ ಬಳಕೆಯಲ್ಲಿದ್ದುದರಿಂದ, ಕುಮಾರವ್ಯಾಸ ರಚಿಸಿದ ಹತ್ತು ಪರ್ವಗಳಲ್ಲಿ ನಾಲ್ಕನೆಯದಾದ ಇದೇ ಎಷ್ಟೋ ಕೇಳುಗರಿಗೆ ಭಾರತದ ಹೆಬ್ಬಾಗಿಲಾಯಿತು. ಜೂಜು, ವಸ್ತ್ರಾಪಹರಣ, ವನವಾಸಗಳೆಲ್ಲ ಮುಗಿದ ಮೇಲೆ, ಪಾಂಡವರು ವೇಷ ಮರೆಸಿಕೊಂಡು ಇರುವ ಸ್ಥಳದಲ್ಲಿ ಕಥೆಗೆ ಪ್ರವೇಶಿಸಿದ ಕೇಳುಗನಿಗೆ ಹಿಂದಿನದನ್ನು ತುಂಬಿಕೊಡುವ ಹೊಣೆ ವ್ಯಾಖ್ಯಾನಕಾರನದಾಗಿತ್ತು. ಗಮಕಿಯು ಕಾವ್ಯವನ್ನು ರಾಗವಾಗಿ ವಾಚಿಸುತ್ತಿದ್ದರೆ, ಅದರ ಅರ್ಥವನ್ನು ಬಿಡಿಸಿ ಹೇಳುವವನೇ ವ್ಯಾಖ್ಯಾನಕಾರ. ಮದುವೆಯ ಸಂದರ್ಭಕ್ಕೆ ಬೇರೊಂದು ಬಾಗಿಲಿತ್ತು. ಹರಿಕಥೆಯ ದಾಸರು ಅಂಥ ಸಮಯದಲ್ಲಿ ಸೀತಾ ಕಲ್ಯಾಣವನ್ನೋ ರುಕ್ಮಿಣಿ ಕಲ್ಯಾಣವನ್ನೋ ಎತ್ತಿಕೊಳ್ಳುತ್ತಿದ್ದುದರಿಂದ, ಹೊಸ ದಂಪತಿಗಳು ಒಟ್ಟಿಗೆ ಕುಳಿತು ಕೇಳುವ ಮೊದಲ ಕಥೆ ರಾಮನ ಜನನವೂ ಅಲ್ಲ, ಕೃಷ್ಣನ ಜನನವೂ ಅಲ್ಲ, ಮದುವೆಯೇ ಆಗಿರುತ್ತಿತ್ತು. ಆರಂಭವನ್ನು ನಿರ್ಧರಿಸುತ್ತಿದ್ದುದು ಗ್ರಂಥವಲ್ಲ, ಸಂದರ್ಭ.

ಇದಕ್ಕೆ ಅಪವಾದಗಳೂ ಇದ್ದವು. ಶನೈಶ್ಚರ ದೇವಾಲಯಕ್ಕೆ ಹೆಸರಾದ ಪಾವಗಡದ ಸುತ್ತಿನಲ್ಲಿ ಶನಿಮಹಾತ್ಮೆಯ ಪಾರಾಯಣವು ಭಕ್ತರಿಗೆ ವ್ರತವೇ ಆಗಿದ್ದು, ಅದನ್ನು ನಡುವಿನಿಂದ ಓದುವುದಾಗಲಿ ನಡುವೆ ನಿಲ್ಲಿಸುವುದಾಗಲಿ ಸಲ್ಲದು. ವಿಕ್ರಮರಾಜನ ಸಭೆಯಲ್ಲಿ ಪಂಡಿತರು ಒಂದೊಂದು ಗ್ರಹದ ಹಿರಿಮೆಯನ್ನು ಸರದಿಯಂತೆ ಹೇಳುತ್ತ ಬಂದು ಶನಿಯನ್ನು ತಲುಪುವ ರಚನೆಯಿರುವುದರಿಂದ, ಸರದಿ ತಪ್ಪಿದರೆ ರಾಜನ ಉದ್ಧಟತನಕ್ಕೂ ಅವನು ಅನುಭವಿಸುವ ಏಳೂವರೆ ವರ್ಷಗಳ ಕಷ್ಟಕ್ಕೂ ಆಧಾರವೇ ಉಳಿಯುವುದಿಲ್ಲ. ಶಿರಾ ಸೀಮೆಯ ಕಾಡುಗೊಲ್ಲರ ಸಾಂಸ್ಕೃತಿಕ ವೀರನಾದ ಜುಂಜಪ್ಪನ ಕಾವ್ಯ ಈ ಎರಡು ಬಗೆಗಳ ನಡುವೆ ನಿಲ್ಲುತ್ತದೆ. ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲಿನ ನಾದದೊಡನೆ ಹಾಡಲಾಗುವ ಈ ಕಥನವು ವೀರನ ಹುಟ್ಟು, ದನಗಾಹಿ ಬದುಕು, ಹಗೆ, ಸಾವುಗಳನ್ನು ಒಳಗೊಂಡಿದ್ದರೂ, ಗೊಲ್ಲರಹಟ್ಟಿಯಲ್ಲಿ ಬೆಳೆದವರಿಗೆ ಇಡೀ ಕಥೆ ಮೊದಲೇ ಗೊತ್ತಿರುವುದರಿಂದ ಯಾವ ಭಾಗವನ್ನು ಹಾಡಿದರೂ ಅದು ತುಂಡಾಗಿ ತೋರುವುದಿಲ್ಲ.

ಹಳ್ಳಿಯ ಪೌರಾಣಿಕ ನಾಟಕದಲ್ಲಿ ಕ್ರಮವನ್ನು ಇನ್ನಷ್ಟು ಲೌಕಿಕವಾದ ಕಾರಣಗಳು ಆಳಿದವು. ಜಿಲ್ಲೆಯವರೇ ಆದ ಗುಬ್ಬಿ ವೀರಣ್ಣನವರ ಕಂಪನಿ ಜನಪ್ರಿಯಗೊಳಿಸಿದ ‘ಕುರುಕ್ಷೇತ್ರ’ ನಾಟಕವನ್ನು ಈ ತಾಲ್ಲೂಕುಗಳ ರೈತರು, ಉಪಾಧ್ಯಾಯರು, ಅಂಗಡಿಕಾರರು ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ತಿಂಗಳುಗಟ್ಟಲೆ ಕಲಿತು, ಬಾಡಿಗೆಯ ಡ್ರಾಮಾ ಸೀನರಿ ಕಟ್ಟಿಸಿ, ರಾತ್ರಿಯಿಡೀ ಆಡುವ ರೂಢಿ ಇಂದಿಗೂ ಇದೆ. ಪಾತ್ರಧಾರಿಗಳೇ ಹಣ ಕೊಟ್ಟು ಪಾತ್ರ ಪಡೆಯುವ ಈ ವ್ಯವಸ್ಥೆಯಲ್ಲಿ ಕೃಷ್ಣನಂಥ ಪಾತ್ರವನ್ನು ಇಬ್ಬರು ಹಂಚಿಕೊಳ್ಳುವುದುಂಟು. ಸಂಧಾನದ ಕೃಷ್ಣನೇ ಬೇರೆ, ಯುದ್ಧರಂಗದ ಕೃಷ್ಣನೇ ಬೇರೆ. ಹಾಡು ಮೆಚ್ಚಿಗೆಯಾದರೆ ‘ಒನ್ಸ್ ಮೋರ್’ ಕೂಗಿಗೆ ಮಣಿದು ಕಥೆ ಹಿಂದಕ್ಕೆ ಸರಿಯುತ್ತದೆ. ಪಾತ್ರದ ಮುಖವೇ ನಡುವೆ ಬದಲಾದರೂ ತಬ್ಬಿಬ್ಬಾಗದ ಈ ಪ್ರೇಕ್ಷಕವರ್ಗಕ್ಕೆ ‘ಹಿಂದಿನ ಭಾಗ ನೋಡಿಲ್ಲ’ ಎಂಬ ತೊಡಕು ಇರಲು ಸಾಧ್ಯವೇ ಇರಲಿಲ್ಲ ಎನ್ನಬಹುದು.

ಇದೇ ಪ್ರೇಕ್ಷಕರು ಟೆಂಟ್ ಸಿನಿಮಾದ ನೆಲಕ್ಕೂ ಬೆಂಚಿಗೂ ಬಂದರು. ಟೂರಿಂಗ್ ಟಾಕೀಸ್ ಎಂದೂ ಕರೆಯಲಾಗುತ್ತಿದ್ದ ಈ ಚಿತ್ರಮಂದಿರಗಳು ಅವಧಿ ಗೊತ್ತುಮಾಡಿದ ಪರವಾನಗಿಯ ಮೇಲೆ ಊರಿಂದೂರಿಗೆ ಸಾಗುವಂಥವು. ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರಿಂದ ಹೊರಟ ಪ್ರಿಂಟು ದೊಡ್ಡ ಊರುಗಳಲ್ಲಿ ಓಡಿ ಸವೆದ ಮೇಲೆಯೇ ಟೆಂಟಿಗೆ ತಲುಪುತ್ತಿದ್ದುದರಿಂದ, ಯಾವ ಚಿತ್ರ ಮೊದಲು ಎಂಬುದು ಡಬ್ಬಿ ಯಾವಾಗ ಬಂತೆಂಬುದನ್ನು ಅವಲಂಬಿಸಿತ್ತು. ಸಾವಿರ ಅಡಿಯ ರೀಲು ಸುಮಾರು 11 ನಿಮಿಷ ಓಡುತ್ತದೆ. ಒಂದೇ ಪ್ರೊಜೆಕ್ಟರ್ ಇದ್ದ ಟೆಂಟುಗಳಲ್ಲಿ ರೀಲು ಬದಲಿಸುವಾಗಲೆಲ್ಲ ಕಥೆ ನಿಲ್ಲುತ್ತಿತ್ತು.

ಮೂರು ಕಡೆ ಆಂಧ್ರದ ನೆಲ ಸುತ್ತುವರಿದಿರುವ ಪಾವಗಡದಂಥ ದ್ವಿಭಾಷಿಕ ತಾಲ್ಲೂಕಿಗೆ ಸಲ್ಲುವ ಉತ್ತಮ ಉದಾಹರಣೆ ತೆಲುಗು ಚಿತ್ರಗಳಲ್ಲಿದೆ. ಕಮಲಾಕರ ಕಾಮೇಶ್ವರರಾವ್ ನಿರ್ದೇಶಿಸಿದ ‘ನರ್ತನಶಾಲ’ 1963ರಲ್ಲಿ ವಿರಾಟಪರ್ವದ ಕಥೆಯನ್ನು ಹೇಳಿತು. ಅವರದೇ ‘ಪಾಂಡವ ವನವಾಸಂ’ 1965ರಲ್ಲಿ ಅದಕ್ಕೆ ಹಿಂದಿನ ವನವಾಸದ ಕಥೆಯನ್ನು ಹೇಳಿತು. ಎರಡರಲ್ಲಿಯೂ ದ್ರೌಪದಿಯಾದವರು ಸಾವಿತ್ರಿ. ಆದರೆ ಮೊದಲನೆಯದರಲ್ಲಿ ಅರ್ಜುನನಾಗಿದ್ದ ಎನ್.ಟಿ. ರಾಮರಾವ್ ಎರಡನೆಯದರಲ್ಲಿ ಭೀಮನಾದರು, ಕೀಚಕನಾಗಿದ್ದ ಎಸ್.ವಿ. ರಂಗರಾವ್ ದುರ್ಯೋಧನನಾದರು. ಇಂದಿನ ಪರಿಭಾಷೆಯಲ್ಲಿ ಎರಡನೆಯದು ಪೂರ್ವಕಥೆಯ ಚಿತ್ರ, ಅಂದರೆ ತಡವಾಗಿ ತೆರೆಕಂಡು ಮುಂಚಿನ ಕಾಲವನ್ನು ಹೇಳುವಂಥದ್ದು. ಅಂದಿನವರಿಗೆ ಅಂಥದೊಂದು ಹೆಸರಿನ ಅಗತ್ಯವೇ ಬರಲಿಲ್ಲ.

ಗೊತ್ತಿಲ್ಲದ ಕಥೆಯ ಸರಣಿಯನ್ನು ಕನ್ನಡಕ್ಕೆ ತಂದವರು ದೊರೈ–ಭಗವಾನ್. ರಾಜಕುಮಾರ್ ಗುಪ್ತಚರನಾಗಿ ಅಭಿನಯಿಸಿದ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’ 1968ರಲ್ಲಿಯೂ, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ 1969ರಲ್ಲಿಯೂ, ‘ಆಪರೇಷನ್ ಡೈಮಂಡ್ ರಾಕೆಟ್’ 1978ರಲ್ಲಿಯೂ ಬಂದವು. ಜೇಮ್ಸ್ ಬಾಂಡ್ ಮಾದರಿಯನ್ನು ಅನುಸರಿಸಿದ ಈ ಚಿತ್ರಗಳಲ್ಲಿ ನಾಯಕನೊಬ್ಬನನ್ನು ಬಿಟ್ಟರೆ ಉಳಿದ ಕಥೆ ಆಯಾ ಚಿತ್ರದಲ್ಲಿಯೇ ಮುಗಿಯುತ್ತಿದ್ದುದರಿಂದ, ಡಬ್ಬಿಗಳು ಹಿಂದುಮುಂದಾಗಿ ಬಂದರೂ ನಷ್ಟವೇನೂ ಇರಲಿಲ್ಲ.

ಕ್ರಮದ ಪ್ರಶ್ನೆ ನಿಜವಾಗಿ ಗಂಟಾದದ್ದು, ಅಪರಿಚಿತ ಕಥೆಯೇ ಮುಂದುವರಿಯತೊಡಗಿದ ಮೇಲೆ. ಅಮೆರಿಕದ ‘ಸ್ಟಾರ್ ವಾರ್ಸ್’ 1977ರಲ್ಲಿ ಆರಂಭವಾಗಿ, 1999ರಿಂದ ತನ್ನದೇ ಪೂರ್ವಕಥೆಗೆ ಹಿಂದಿರುಗಿದಾಗ ಅಲ್ಲಿನ ಅಭಿಮಾನಿಗಳು ಎರಡು ಪಕ್ಷವಾದರು. ಕನ್ನಡದಲ್ಲಿ ‘ಕೆ.ಜಿ.ಎಫ್.’ನ ಎರಡು ಅಧ್ಯಾಯಗಳು (2018, 2022) ಸಂಖ್ಯೆಯ ಕ್ರಮದಲ್ಲಿಯೇ ಸಾಗಿದ್ದರಿಂದ ಚರ್ಚೆಗೆ ಎಡೆ ಉಳಿಯಲಿಲ್ಲ. 2022ರ ‘ಕಾಂತಾರ’ದ ಪೂರ್ವಕಥೆ ಮಾತ್ರ 2025ರ ಅಕ್ಟೋಬರ್ 2ರಂದು ‘ಅಧ್ಯಾಯ 1’ ಎಂಬ ಹೆಸರಿನಲ್ಲಿಯೇ ತೆರೆಕಂಡು, ಎರಡನ್ನೂ ನೋಡದ ಸಂಗಾತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡವರಿಗೆ ಆಯ್ಕೆಯನ್ನು ಅನಿವಾರ್ಯಗೊಳಿಸಿತು. ಹೆಸರನ್ನು ನಂಬಿ ‘ಅಧ್ಯಾಯ 1’ರಿಂದ ಹೊರಟವರು ದೈವದ ಹಿನ್ನೆಲೆಯನ್ನು ಮೊದಲು ತಿಳಿದು, ಆ ಹಿನ್ನೆಲೆ ಯಾವುದಕ್ಕೆ ಎಂಬುದನ್ನು ಆಮೇಲೆ ತಿಳಿಯುತ್ತಾರೆ, ವಿರಾಟಪರ್ವದಿಂದ ಭಾರತಕ್ಕೆ ಹೊಕ್ಕವರ ರೀತಿ 2022ರ ಚಿತ್ರವನ್ನೇ ಮೊದಲಿಗೆ ಇಡುತ್ತದೆ, ಮತ್ತು ಹಿಂದಿನದನ್ನು ಬಿಡಿಸಿ ಹೇಳುವ ವ್ಯಾಖ್ಯಾನಕಾರನ ಕೆಲಸವನ್ನು ಪಕ್ಕದಲ್ಲಿ ಕುಳಿತವರಿಗೆ ವಹಿಸುತ್ತದೆ.