ಎರಡು ಯಂತ್ರಗಳ ನಡುವಿನ ದಾರಿ

ಕೈಗಾರಿಕೆಯ ಚರಿತ್ರೆಯೆಂದರೆ ಯಂತ್ರಗಳ ಚರಿತ್ರೆಯೆಂದೇ ನಾವು ಓದಿಕೊಂಡು ಬಂದಿದ್ದೇವೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಮಾನು ಹೊತ್ತವರು ಯಾರು ಎಂಬ ಪ್ರಶ್ನೆ ಅದರಲ್ಲಿ ಅಪರೂಪ. ಧನ್ವಾಡ, ನಾರಾಯಣಪೇಟೆ, ಮಕ್ತಲ್ ಕಡೆಯ ನಮಗೆ ಮಾತ್ರ ಈ ಪ್ರಶ್ನೆ ಹೊಸದಲ್ಲ. ನಾರಾಯಣಪೇಟೆಯ ಸೀರೆಯ ನೂಲು ಮಗ್ಗವೇರುವ ಮೊದಲು ಬಣ್ಣ ಹಾಕುವವರ ಕೈಯಿಂದ ಹಾಸು ಹೂಡುವವರ ಕೈಗೆ, ಕಂಡಿಕೆ ಸುತ್ತುವವರ ಕೈಗೆ ದಾಟಿರಬೇಕು. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಾರುವ ಲಾಳಿಯನ್ನು ರೂಪಿಸಿ, ಲಾಳಿ ಎಸೆಯುವ ಕೆಲಸವನ್ನು ಹಗ್ಗಕ್ಕೆ ಒಪ್ಪಿಸಿದನು. ಆದರೆ ಲಾಳಿ ಓಡುವುದು ಮಗ್ಗದೊಳಗೆ ಮಾತ್ರ. ಮನೆಯಿಂದ ಮನೆಗೆ ನೂಲು ಸಾಗಲು ತಲೆ, ಹೆಗಲುಗಳೇ ಬೇಕಾದವು.

ದೊಡ್ಡ ಕಾರ್ಖಾನೆಗಳ ಸಮಸ್ಯೆಯೂ ಇದೇ ಆಗಿತ್ತು. 1913ರಲ್ಲಿ ಅಮೆರಿಕದ ಹೈಲ್ಯಾಂಡ್ ಪಾರ್ಕಿನಲ್ಲಿ ಫೋರ್ಡ್ ಕಂಪನಿಯವರು ಚಲಿಸುವ ಜೋಡಣೆಯ ಸಾಲನ್ನು ಪರೀಕ್ಷಿಸಿದಾಗ ಮೊದಲು ಬಳಸಿದ್ದು ಹಗ್ಗ ಮತ್ತು ರಾಟೆ. ಬಾವಿಯಿಂದ ನೀರು ಸೇದಿದಂತೆ ಕಾರಿನ ಚೌಕಟ್ಟನ್ನು ಎಳೆದರು. ಚೌಕಟ್ಟೊಂದರ ಜೋಡಣೆಗೆ 12 ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಹೊತ್ತು ಮರುವರ್ಷ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಕೆಲಸಗಾರ ವಸ್ತುವಿನ ಬಳಿಗೆ ನಡೆಯುವ ಬದಲು ವಸ್ತುವೇ ಅವನ ಬಳಿಗೆ ಬರತೊಡಗಿತು.

ಆದರೆ ಕೊರೆಯುವ, ಕಡೆಯುವ ಯಂತ್ರಗಳ ನಡುವೆ ಎಂಜಿನ್ನಿನ ಭಾರವಾದ ಎರಕವನ್ನು ಸಾಗಿಸುವುದು ಇನ್ನೂ ಕಷ್ಟ. ಇಂಗ್ಲೆಂಡಿನ ಕವೆಂಟ್ರಿಯ ಮಾರಿಸ್ ಎಂಜಿನ್ ಕಾರ್ಖಾನೆಯಲ್ಲಿ ಫ್ರಾಂಕ್ ವೂಲಾರ್ಡ್ 1920ರ ದಶಕದಲ್ಲಿ ಇದಕ್ಕೆಂದೇ ಉದ್ದನೆಯ ಟ್ರಾನ್ಸ್‌ಫರ್ ಯಂತ್ರವನ್ನು ಕಟ್ಟಿಸಿದರು. ಅದನ್ನು ನಿಯಂತ್ರಿಸುವ ವಿದ್ಯುತ್ ಮತ್ತು ಗಾಳಿಯ ಸಾಧನಗಳು ಅಂದಿಗೆ ನಂಬಿಕೆಗೆ ಅರ್ಹವಾಗಿರಲಿಲ್ಲ. ಕೊನೆಗೆ ಅದನ್ನು ಬಿಡಿ ಯಂತ್ರಗಳಾಗಿ ಬಳಸಬೇಕಾಯಿತು. ಯೋಚನೆ ಸರಿಯಾಗಿತ್ತು, ಕಾಲ ಒದಗಲಿಲ್ಲ.

1947ರಲ್ಲಿ ಫೋರ್ಡ್ ಕಂಪನಿ ಡೆಲ್ ಹಾರ್ಡರ್ ಅವರ ಮೇಲ್ವಿಚಾರಣೆಯಲ್ಲಿ ‘ಆಟೊಮೇಶನ್’ ಎಂಬ ವಿಭಾಗವನ್ನು ತೆರೆಯಿತು. ಇಂದು ಕಂಪ್ಯೂಟರಿನವರೆಗೆ ಹಬ್ಬಿರುವ ಆ ಪದ ಅಲ್ಲಿ ಮುಖ್ಯವಾಗಿ ಸೂಚಿಸಿದ್ದು ಬಿಡಿಭಾಗಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿ ಸಾಗಿಸುವುದನ್ನು. ಅಂದರೆ ಹೊರುವವನ ಕೆಲಸಕ್ಕೆ ಆ ಹೆಸರು! ಕೆಲವೇ ವರ್ಷಗಳಲ್ಲಿ ಅಮೆರಿಕದ ಬ್ಯಾರೆಟ್ ಕಂಪನಿ ತಂತಿಯ ಜಾಡನ್ನು ಹಿಡಿದು ಚಾಲಕನಿಲ್ಲದೆ ಸಾಗುವ ಗಾಡಿಯನ್ನೂ ಹೊರತಂದಿತು.

ಅದೇ ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ಏನು ನಡೆಯುತ್ತಿತ್ತು? 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಆರಂಭವಾಯಿತು; ಯಂತ್ರಗಳನ್ನು ಮಾಡುವ ಯಂತ್ರಗಳು ನಮ್ಮಲ್ಲಿಯೇ ಸಿದ್ಧವಾಗತೊಡಗಿದವು. ಇತ್ತ 1955ರ ಡಿಸೆಂಬರ್ 10ರಂದು ನೆಹರೂ ಅವರು ನಾಗಾರ್ಜುನಸಾಗರಕ್ಕೆ ಶಂಕುಸ್ಥಾಪನೆ ಮಾಡಿದರು. ಆ ಕಲ್ಲಿನ ಅಣೆಕಟ್ಟಿಗೆ ಕಲ್ಲು, ಗಾರೆಯನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲೇರಿದ ಅಸಂಖ್ಯ ಕೂಲಿಗಳಲ್ಲಿ ಪಾಲಮೂರು ಸೀಮೆಯವರು, ಎಂದರೆ ನಮ್ಮವರು, ದೊಡ್ಡ ಪಾಲಿನವರು. ‘ಪಾಲಮೂರು ಕೂಲಿ’ ಎಂಬ ಹೆಸರು ದೇಶದ ಹಲವೆಡೆ ಹರಡಿದ್ದು ಇಂಥ ಕೆಲಸಗಳಿಂದಲೇ.

ಇದನ್ನು ಹಿಂದುಳಿದಿರುವಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಯಂತ್ರಕ್ಕೆ ವಿದೇಶೀ ಹಣ ಬೇಕಿತ್ತು, ಜನರಿಗೆ ಕೆಲಸ ಬೇಕಿತ್ತು. ಕಲ್ಲಿನ ಕಟ್ಟಡವನ್ನು ಆಯ್ದುಕೊಳ್ಳುವಾಗ ಈ ಎರಡೂ ಲೆಕ್ಕಕ್ಕೆ ಬಂದವು. ಲೆಕ್ಕಕ್ಕೆ ಬಾರದೆ ಹೋದದ್ದು ಮಳೆಯಿಲ್ಲದೆ ಊರು ಬಿಟ್ಟು ಹೊರಟವರ ಕುತ್ತಿಗೆ ಮತ್ತು ಮಂಡಿಗಳ ನೋವು. ಕವೆಂಟ್ರಿಯ ಯಂತ್ರ ಸೋತದ್ದೂ ಚರಿತ್ರೆಯ ಪುಟಗಳಲ್ಲಿದೆ, ಅದನ್ನು ಕಟ್ಟಿಸಿದವರ ಹೆಸರಿನ ಸಮೇತ. ಸಾಗರದ ಗೋಡೆಗೆ ಕಲ್ಲು ಸೇರಿಸಿದವರ ಹೆಸರುಗಳನ್ನು ಹುಡುಕಬೇಕಾದರೆ ನಮ್ಮ ಮನೆಗಳ ಹಿರಿಯರನ್ನೇ ಕೇಳಬೇಕು, ಅವರು ಇರುವಷ್ಟು ದಿನ.