ಹಾನಗಲ್ಲಿನ ತಾರಕೇಶ್ವರ ಗುಡಿ

ಹಾವೇರಿ ಜಿಲ್ಲೆಯ ಹಾನಗಲ್ಲಿನಲ್ಲಿರುವ ತಾರಕೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ, ಬಹುಮಟ್ಟಿಗೆ 12ನೆಯ ಶತಮಾನದ ಕಟ್ಟಡ. ಶಾಸನಗಳು ಪಾನುಂಗಲ್ಲು ಎಂದು ಕರೆಯುವ ಈ ಊರು ಆಗ ಪಾನುಂಗಲ್ಲು 500 ಎಂಬ ನಾಡಿನ ರಾಜಧಾನಿ. ಚಾಲುಕ್ಯರ ಸಾಮಂತರಾದ ಕದಂಬರ ಒಂದು ಶಾಖೆ ಇಲ್ಲಿಂದ ಆಳುತ್ತಿತ್ತು. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಇದೇ ಎಂದು ಊರವರು ಹೇಳುತ್ತಾರೆ. ಗುಡಿಯ ಹಿರಿಮೆಗೆ ಆ ಕಥೆಯ ಆಸರೆ ಬೇಕಿಲ್ಲ.

ಗರ್ಭಗೃಹ, ಅದರ ಮೇಲೆ ಅಂತಸ್ತುಗಳ ಶಿಖರ, ಮುಂದೆ ಅಂತರಾಳ, ಸಭಾಮಂಟಪ, ಆಮೇಲೆ ತೆರೆದ ಮುಖಮಂಟಪ: ಗುಡಿಯ ಅಂಗಗಳು ಒಂದರ ಮುಂದೊಂದು ಸಾಗುತ್ತವೆ. 11ನೆಯ ಶತಮಾನದ ನಡುವಿನಿಂದ ಈ ಸೀಮೆಯ ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ಒಗ್ಗಿಕೊಂಡಿದ್ದರು. ಆ ಮೆದುಗಲ್ಲಿನಿಂದಾಗಿಯೇ ಕಂಬಗಳನ್ನು ತಿರುಗಣಿಯಲ್ಲಿ ಕಡೆದು, ಕನ್ನಡಿಯಂತೆ ನುಣುಪುಗೊಳಿಸುವುದು ಸಾಧ್ಯವಾಯಿತು.

ಆದರೂ ಇಲ್ಲಿ ನಿಂತು ನೋಡಬೇಕಾದದ್ದು ತಲೆಯ ಮೇಲಿದೆ. ಮಂಟಪದ ಒಳಮಾಡು ಸುತ್ತುಸುತ್ತಾಗಿ ಮೇಲೇರುತ್ತದೆ, ನಡುವಿನಿಂದ ದೊಡ್ಡ ಕಮಲವೊಂದು ಕೆಳಮುಖವಾಗಿ ಇಳಿಬಿದ್ದಿದೆ. ಗುಮ್ಮಟದಂತೆ ಕಂಡರೂ ಇದರಲ್ಲಿ ಕಮಾನಿನ ತಂತ್ರವಿಲ್ಲ. ತೊಲೆಗಳ ಮೇಲಿಂದ ಶುರುವಾಗಿ ಕಲ್ಲಿನ ಒಂದೊಂದು ವರಸೆಯೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿದೆ. ಹಾಗೆ ಚಾಚುತ್ತ ಹೋದಂತೆ ನಡುವಿನ ಬಯಲು ಕಿರಿದಾಗುತ್ತದೆ. ಒಳಕ್ಕೆ ಚಾಚಿದ ಕಲ್ಲು ಮಗುಚಿ ಬೀಳದಿರಬೇಕಾದರೆ ಅದರ ಹಿಂಬದಿಯನ್ನು ಅದುಮಿ ಹಿಡಿಯುವ ಭಾರ ಬೇಕು. ಮಾಡಿನ ತೂಕವೇ ಆ ಕೆಲಸ ಮಾಡುತ್ತದೆ. ಇಷ್ಟು ಲೆಕ್ಕಾಚಾರದ ಕೆಲಸವನ್ನು ಹೂವಿನ ಕೆತ್ತನೆಯೊಳಗೆ ಮರೆಸಿಟ್ಟದ್ದು ಕಟ್ಟಿದವರ ಜಾಣತನ. ಚಾಲುಕ್ಯ ಕಲೆಯ ಒಳಮಾಡುಗಳಲ್ಲಿ ಇದಕ್ಕೆ ಮೇಲುಸ್ಥಾನ ಸಲ್ಲುತ್ತದೆ.

ಆವರಣದ ಚಿಕ್ಕ ಗಣೇಶ ಗುಡಿಯದು ಬೇರೆಯೇ ರೀತಿ. ಅದರ ಶಿಖರ ಉತ್ತರ ಭಾರತದ ನಾಗರ ಮಾದರಿಯಲ್ಲಿ ಬಾಗಿ ಏರುತ್ತದೆ. ಒಂದೇ ಅಂಗಳದಲ್ಲಿ ಎರಡು ಪದ್ಧತಿ ಕಾಣುವುದು ಈ ಸೀಮೆಗೆ ಅಪರೂಪವೇನಲ್ಲ. ಇಲ್ಲಿನ ಶಿಲ್ಪಿಗಳಿಗೆ ಎರಡೂ ಗೊತ್ತಿದ್ದವು.

ಚಾಲುಕ್ಯರ ಬಲ ಕುಗ್ಗಿದಾಗ ಊರು ರಣರಂಗವಾಯಿತು. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಆನೆಕೆರೆಯ ಬಳಿ ಬೀಡುಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಹೊಯ್ಸಳ ಪಡೆಯನ್ನು ತಡೆದು ಹಿಮ್ಮೆಟ್ಟಿಸಿದ, ಆ ಕಾಳಗದಲ್ಲೇ ಮಡಿದ. ಹಾನಗಲ್ಲಿನ ವೀರಗಲ್ಲುಗಳು ಇಂಥ ಕಾಳಗಗಳ ಸಾಕ್ಷಿ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಧಾರವಾಡ ಸೀಮೆಯ ಗುಡಿಗಳು ಕ್ಯಾಮೆರಾದ ಕಣ್ಣಿಗೆ ಬಿದ್ದವು. ಡಾ. ಪಿಗೌ ಮೊದಲಾದವರು ತೆಗೆದ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹದೊಂದಿಗೆ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಹಾನಗಲ್ಲಿನ ಗುಡಿಗಳನ್ನು ವಿವರವಾಗಿ ದಾಖಲಿಸಿದವರು ಹೆನ್ರಿ ಕಸಿನ್ಸ್. ಅವರ ಗ್ರಂಥ ಹೊರಬಂದದ್ದು 1926ರಲ್ಲಿ. ಈಗ ತಾರಕೇಶ್ವರ ಗುಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ.